ರೀ

ಉದ್ಯಮಬಾಗದ ಮೂರನೇ ಗಲ್ಲಿಯ ಫೌಂಡ್ರಿಯಾಗ
ಇಪ್ಪತ್ತೆರಡು ವರ್ಷ ನಾ ಬೈದೇ ಕೆಲಸ ತಗೊಂಡೀನಿ.
ನನ್ನ ಮೇಸ್ತ್ರಿ ಕಲಿಸಿದ್ದು ಅಷ್ಟ:
ಭಟ್ಟಿಯ ಸಪ್ಪಳಕ್ಕಿಂತ ಒಂದು ಗೇಣು ಮ್ಯಾಲ ಇರಲಿ ದನಿ,
ಬೈದ ಮ್ಯಾಲ ಚಹಾದ ರೊಕ್ಕ ನಿನ್ನದಿರಲಿ.

ಕಲ್ಲಾಪ್ಪಾ ಹುಂದರೆಗೆ ನಾ ಕನ್ನಡದಾಗ ಬೈತೀನಿ,
ಅಂವ ಮರಾಠಿಯೊಳಗ ತಿರುಗಿ ಬೈತಾನ,
ನಡುವ ಇಬ್ಬರ ಅವ್ವಂದಿರೂ ಬಂದು ಹೋಗತಾರ.
ಒಂದೂವರೆಗೆ ಸೈರನ್ ಆತಂದ್ರ
ಅಂವನ ಡಬ್ಬಿಯ ಝುಣಕ, ನನ್ನ ಡಬ್ಬಿಯ ಬದನೀಕಾಯಿ
ಒಂದ ಮುಚ್ಚಳದಾಗ.
ಇದಕ್ಕ ಯಾರೂ ಹೆಸರಿಟ್ಟಿರಲಿಲ್ಲ.

ಪುಣೆಯಿಂದ ಬಂದ ಹುಡುಗಿ ಪರದೆ ಬಿಟ್ಟು ಹೆಸರಿಟ್ಟಳು.
"ಸಂಸ್ಕೃತಿ ಅಂದ್ರೆ ನೀರೊಳಗಿನ ಮಂಜುಗಡ್ಡೆ,
ಕಾಣೋದು ಸ್ವಲ್ಪ, ಕಾಣದ್ದೇ ಹೆಚ್ಚು" ಅಂದಳು.
ನಾವು ಹನ್ನೆರಡು ಮಂದಿ ಸೂಪರ್‌ವೈಸರು,
ದಿನಾ ಹದಿನಾಲ್ಕುನೂರು ಡಿಗ್ರಿಯ ಕಬ್ಬಿಣ ಹುಯ್ಯಾವರು,
ಮಂಜುಗಡ್ಡಿ ಕಂಡದ್ದು ಕಬ್ಬಿನಹಾಲಿನ ಗಾಡ್ಯಾಗ,
ಗೋಣಿಚೀಲದ ಕೆಳಗ.
ತಲಿ ಆಡಿಸಿದಿವಿ. ಸರ್ಟಿಫಿಕೇಟು ಕೊಟ್ಟರು.

ಬನಮಾಲಿ ಸ್ವಾಈಂ ಬಂದದ್ದು ಅದರ ಮರುವಾರ,
ಗಂಜಾಮಿನಿಂದ, ಆರು ಮಂದಿ ಕೂಡಿ,
ಮಜಗಾವಿಯ ಒಂದು ಖೋಲಿಯಾಗ ಹಾಸಿಗಿ ಬಿಚ್ಚಿದರು.
ಅಂವ ಅಚ್ಚಿನ್ಯಾಗ ಕೋರ್ ಇಡೂದಂದ್ರ
ತೊಟ್ಟಿಲದಾಗ ಕೂಸು ಮಲಗಿಸಿದಂಗ.
ಅಂಥಾವನ ಕೈಯಾಗ ಒಂದಿನ
ಹನ್ನೊಂದು ಪಂಪ್ ಬಾಡಿ, ಹನ್ನೊಂದರಾಗೂ ಗಾಳಿತೂತು.
ಇಡೀ ಶೆಡ್ಡಿಗೆ ಕೇಳೂವಂಗ ಒದರಿದೆ:
"ತೂ ಕ್ಯಾ ಕರ್‌ತಾ ರೇ, ಆಂಖಾಂ ಹೈ ಕಿ ನೈ?"
ನೆಲ ನೋಡಿದ. "ಹಾಂ ಜೀ" ಅಂದ.
ಚಹಾ ತರಿಸಿದೆ. ಕುಡದ.
ಮುಗೀತು ಅಂತ ತಿಳಕೊಂಡೆ.

ಮರುದಿನ ಆರೂ ಜಾಗಾ ಖಾಲಿ.

ಸ್ಟೇಶನ್ನಿನಾಗ ಸಿಕ್ಕರು, ಬ್ಯಾಗಿನ ಮ್ಯಾಲ ಬ್ಯಾಗು ಒಟ್ಟಿ,
ಹುಬ್ಬಳ್ಳಿ ಕಡೆಯ ಗಾಡಿಗೆ ಇನ್ನೂ ಎರಡು ತಾಸು.
ಬನಮಾಲಿ ಮಾತಾಡಲಿಲ್ಲ. ಸಣ್ಣ ಹುಡುಗ ಮಾತಾಡಿದ:
ತಪ್ಪಿಗೆ ಬೈದದ್ದಕ್ಕ ಅಲ್ಲ ಸಾಬ್,
ನೀವು ಬೈಯೂಮುಂದ ಬಾಜೂಕ ನಿಂತಾಂವ
ಅಣ್ಣನ ಹೆಂಡತಿಯ ತಮ್ಮ.
ರಾತ್ರಿ ಫೋನಿನ್ಯಾಗ ಊರಿಗೆಲ್ಲ ಮುಟ್ಟಿತು.
ಮತ್ತ, ಆ ತೂ.

ಆ ತೂ.
ನನ್ನ ಹಿಂದಿ ಖಡೇಬಜಾರದ ಹಿಂದಿ,
ಬಳಿ ಅಂಗಡಿಯ ಕಟ್ಟಿಮ್ಯಾಲ ಕುಂತು ಕಲತದ್ದು.
ಅದರಾಗ ಆಪ್ ಇಲ್ಲ.
ಗಿರಾಕಿಗೂ ತೂ, ಗೆಳೆಯಾಗೂ ತೂ, ದೇವರಿಗೂ ತೂ.
ನನ್ನ ಮರ್ಯಾದಿ ಎಲ್ಲಾ ಕನ್ನಡದ ಒಂದಕ್ಷರದಾಗ ಐತಿ,
ಹಿಂದಿಗೆ ಹೊಂಟಾಗ ಅದನ್ನ
ಚಪ್ಪಲಿಯಂಗ ಹೊರಗ ಬಿಟ್ಟು ಹೋಗಿದ್ದೆ.

"ಚಲೋ ರೀ ಬನಮಾಲಿ," ಅಂದೆ. "ವಾಪಸ್ ಆವೋ ರೀ."
ಹುಡುಗರು ನಕ್ಕರು.
ಅಂವ ನಗಲಿಲ್ಲ, ಬ್ಯಾಗಿನ ಪಟ್ಟಿ ಮಾತ್ರ
ಹೆಗಲಿನಿಂದ ಇಳಿಸಿದ.

ಅವತ್ತಿಂದ ಎಲ್ಲಾರಿಗೂ ರೀ ಹಚ್ಚಿದೆ.
ಹದಿನೈದು ದಿನಕ್ಕ ಕಲ್ಲಾಪ್ಪಾ
ಡಬ್ಬಿ ತಗೊಂಡು ಬ್ಯಾರೆ ಬೆಂಚಿಗೆ ಹ್ವಾದ.
ಏನಾತೋ ಅಂದ್ರ,
"ನಂಗೂ ರೀ ಅಂತೀ! ನಾ ಏನ ಆಡಿಟ್ಟಿಗೆ ಬಂದ ಪಾವಣ್ಯಾ?
ಏನ ತಪ್ಪು ಮಾಡೀನಿ, ಬಾಯಿಬಿಟ್ಟು ಹೇಳು."
ನಿಂತ ಕಾಲಮ್ಯಾಲ ಬೈದೆ, ಅವ್ವನ ಹೆಸರು ಸಹಿತ.
ಮುಖ ಅರಳಿತು. ಸರಿದು ಕುಂತು ಮುಚ್ಚಳ ತಗದ.

ಅವರಿಗೆ ಬೆಣ್ಣಿ, ನಮಗ ಬೆಂಕಿ
ಅಂತ ಪ್ಯಾಕಿಂಗಿನ್ಯಾಗ ಗೊಣಗತಾರ. ಖರೇನ ಐತಿ.
ಒಬ್ಬನ ಕಿವಿಯಾಗ ಪಿಸುಗುಟ್ಟಿ, ಇನ್ನೊಬ್ಬನ ಮ್ಯಾಲ ಒದರಿ
ಮನಿಗೆ ಹೋದ್ರ, ಹೆಂಡತಿ ಏನರೆ ಕೇಳಿದ್ರ
ಯಾವ ದನಿ ತಗೀಬೇಕಂತ ತಿಳೀದ ಸುಮ್ಮನಿರತೀನಿ.

ನಿನ್ನೆ ಮತ್ತ ನಾಲ್ಕು ಬಾಡಿ ಹ್ವಾದವು.
ನಾ ಬಾಯಿ ತಗಿಯೂದ್ರಾಗ ಬನಮಾಲಿ ತಾನ ಬಂದ,
ತೋಳು ಹಿಡದು ಉಸುಕಿನ ಗುಂಪಿಯ ಹಿಂದ ಕರಕೊಂಡು ಹ್ವಾದ,
ಮೈದುನ ಕಾಣವಲ್ಲ ಅನ್ನೂದು ನೋಡಿಕೊಂಡ,
ಹೆಲ್ಮೆಟ್ ತಗದು ಕಂಕುಳಾಗ ಇಟಗೊಂಡ.

"ಈಗ ಬೈರೀ" ಅಂದ.